ದೀರ್ಘಕಾಲದ ಹೆಪಟೈಟಿಸ್ ಬಿ, ಸಿ ಇರುವವರ ಊಟ: ಯಾವುದನ್ನು ಮೊದಲು, ಯಾವುದನ್ನು ಆಮೇಲೆ

ಹೆಪಟೈಟಿಸ್ ಬಿ ಅಥವಾ ಸಿ ಇದೆ ಎಂದು ಗೊತ್ತಾದ ಕೂಡಲೇ ಹೆಚ್ಚಿನವರು ಏನೇನು ಬಿಡಬೇಕು ಎಂದು ಪಟ್ಟಿ ಮಾಡಲು ಕೂರುತ್ತಾರೆ. ಮೊದಲು ಎಣ್ಣೆ ಹೋಗುತ್ತದೆ. ಆಮೇಲೆ ಮೊಟ್ಟೆ, ಮಾಂಸ. ಕೊನೆಗೆ ಕಾಳು, ಹಾಲು ಕೂಡ. ಕೆಲವು ತಿಂಗಳಲ್ಲಿ ತೋಳು ಸೊರಗುತ್ತದೆ, ಮೆಟ್ಟಿಲು ಹತ್ತಿದರೆ ಸುಸ್ತು. ವೈರಸ್ ಮಾತ್ರ ಇದ್ದಲ್ಲೇ ಇರುತ್ತದೆ.

ಊಟ ವೈರಸ್ಸನ್ನು ಕೊಲ್ಲುವುದಿಲ್ಲ. ಅದು ಮಾತ್ರೆಯ ಕೆಲಸ. ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ 8ರಿಂದ 12 ವಾರಗಳ ಮಾತ್ರೆಯಲ್ಲಿ ವಾಸಿಯಾಗುತ್ತದೆ. 100ರಲ್ಲಿ 95ಕ್ಕೂ ಹೆಚ್ಚು ಜನರಿಗೆ ಗುಣವಾಗುತ್ತದೆ. ಹೆಪಟೈಟಿಸ್ ಬಿ ಪೂರ್ತಿ ಹೋಗುವುದು ಅಪರೂಪ, ಆದರೆ ಮಾತ್ರೆಯಿಂದ ಹತೋಟಿಯಲ್ಲಿರುತ್ತದೆ. ಊಟಕ್ಕೆ ಇರುವ ಕೆಲಸ ಬೇರೆ. ಈಗಾಗಲೇ ಪೆಟ್ಟು ತಿಂದ ಲಿವರ್ ಮೇಲೆ ಕೊಬ್ಬು, ಆಲ್ಕೋಹಾಲ್, ವಿಷಗಳ ಹೊರೆ ಬೀಳದಂತೆ ನೋಡಿಕೊಳ್ಳಬೇಕು. ಮೈಯ ಸ್ನಾಯು ಕರಗದಂತೆ ಕಾಯಬೇಕು. ಸಿರೋಸಿಸ್, ಅಂದರೆ ಗಾಯದ ಕಲೆಗಳಿಂದ ಲಿವರ್ ಗಟ್ಟಿಯಾಗುವುದು, ಬಂದಿದ್ದರೆ ಹೊಟ್ಟೆಯಲ್ಲಿ ನೀರು ತುಂಬುವಂಥ ತೊಂದರೆಗಳನ್ನು ಹಿಡಿತದಲ್ಲಿಡಬೇಕು.

ಈ ಬರಹ ಸೋಂಕು ಆರು ತಿಂಗಳಿಗಿಂತ ಹೆಚ್ಚು ಕಾಲ ಉಳಿದುಕೊಂಡ ದೊಡ್ಡವರಿಗೆ. ಈಗಷ್ಟೇ ಕಾಮಾಲೆ ಬಂದವರಿಗೆ, ಮಕ್ಕಳಿಗೆ, ಗರ್ಭಿಣಿಯರಿಗೆ, ಕಿಡ್ನಿ ತೊಂದರೆ ಜೊತೆಗಿರುವವರಿಗೆ ಇಲ್ಲಿನ ಲೆಕ್ಕಗಳು ಹಾಗೇ ಹೊಂದುವುದಿಲ್ಲ. ಅವರು ಡಾಕ್ಟರ ಹತ್ತಿರವೇ ಕೇಳಬೇಕು.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ತೂಕದ ಯಂತ್ರ, ಬಟ್ಟೆ ಅಳೆಯುವ ಟೇಪು, ಅಳತೆಯ ಚಮಚ, ಅಡುಗೆಮನೆಯ ಸಣ್ಣ ತಕ್ಕಡಿ, ಒಂದು ನೋಟ್‌ಬುಕ್. ಜೊತೆಗೆ ಕಳೆದ ಒಂದು ವರ್ಷದ ರಕ್ತಪರೀಕ್ಷೆ ಮತ್ತು ಸ್ಕ್ಯಾನ್ ರಿಪೋರ್ಟುಗಳು. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆ, ಪುಡಿ, ಟಾನಿಕ್, ಕಷಾಯಗಳ ಪಟ್ಟಿಯೂ ಬೇಕು. 'ಇದೇನು ಔಷಧಿ ಅಲ್ವಲ್ಲ' ಎಂದುಕೊಂಡು ಬಿಟ್ಟುಬಿಡುವ ಪುಡಿಯೇ ಮುಂದೆ ತೊಂದರೆ ಕೊಡುವುದು. ಅದನ್ನೂ ಬರೆಯಿರಿ.

ಹಂತ 1: ನಿಮ್ಮ ಲಿವರ್ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಿರಿ

ಈ ಹಂತವನ್ನು ಹಾರಿಸಿದರೆ ಮುಂದಿನದ್ದೆಲ್ಲ ಕತ್ತಲಲ್ಲಿ ಗುಂಡು ಹೊಡೆದಂತೆ. ಗಾಯದ ಕಲೆ ಇಲ್ಲದ ಅಥವಾ ಸ್ವಲ್ಪವೇ ಇರುವ ಲಿವರ್‌ಗೆ ಬೇಕಾದ ಊಟ ಒಂದು, ಸಿರೋಸಿಸ್ ಆದ ಲಿವರ್‌ಗೆ ಬೇಕಾದದ್ದು ಇನ್ನೊಂದು. ಒಬ್ಬರಿಗೆ ತೂಕ ಇಳಿಸು ಎನ್ನಬೇಕು, ಇನ್ನೊಬ್ಬರಿಗೆ ರಾತ್ರಿ ಎಬ್ಬಿಸಿಯಾದರೂ ತಿನ್ನಿಸು ಎನ್ನಬೇಕು. ಪರಿಚಯದವರ ಊಟದ ಪಟ್ಟಿಯನ್ನು ನಕಲು ಮಾಡಿದವರು ಎಡವುವುದು ಇಲ್ಲೇ.

ಡಾಕ್ಟರ ಹತ್ತಿರ ನೇರವಾಗಿ ಮೂರು ಪ್ರಶ್ನೆ ಕೇಳಿ. ನನಗೆ ಸಿರೋಸಿಸ್ ಇದೆಯಾ? ಇದ್ದರೆ ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಮಂಪರು ಇವುಗಳಲ್ಲಿ ಯಾವುದಾದರೂ ಬಂದಿದೆಯಾ, ಬರುವ ಸೂಚನೆ ಇದೆಯಾ? ಲಿವರ್‌ನಲ್ಲಿ ಕೊಬ್ಬು ಕೂಡ ಸೇರಿದೆಯಾ? ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದ್ದರೆ ಈ ಉತ್ತರಗಳಲ್ಲಿ ಹೆಚ್ಚಿನವು ಸಿಗುತ್ತವೆ.

ಸ್ಕ್ಯಾನ್ ಆಗಿಲ್ಲದಿದ್ದರೆ ಸಾಮಾನ್ಯ ರಕ್ತಪರೀಕ್ಷೆಯಿಂದಲೇ ಒಂದು ಅಂದಾಜು ತೆಗೆಯಬಹುದು. ಅದರ ಹೆಸರು ಫಿಬ್-4. ಇದಕ್ಕೆ ರಿಪೋರ್ಟಿನಲ್ಲಿರುವ ಎಎಸ್‌ಟಿ, ಎಎಲ್‌ಟಿ ಎಂಬ ಎರಡು ಲಿವರ್ ಎಂಜೈಮ್‌ಗಳ ಅಂಕಿಗಳು ಬೇಕು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಿ. ಬಂದದ್ದನ್ನು ಪ್ಲೇಟ್‌ಲೆಟ್ ಸಂಖ್ಯೆಯಿಂದ ಭಾಗಿಸಿ. ಇಲ್ಲಿ ಪ್ಲೇಟ್‌ಲೆಟ್ ಸಾವಿರದ ಲೆಕ್ಕದಲ್ಲಿರಬೇಕು, ಅಂದರೆ 2 ಲಕ್ಷಕ್ಕೆ 200. ಆಮೇಲೆ ಎಎಲ್‌ಟಿಯ ವರ್ಗಮೂಲದಿಂದ ಭಾಗಿಸಿ. ಉದಾಹರಣೆಗೆ ವಯಸ್ಸು 50, ಎಎಸ್‌ಟಿ 60, ಎಎಲ್‌ಟಿ 64, ಪ್ಲೇಟ್‌ಲೆಟ್ 200 ಎಂದುಕೊಳ್ಳಿ. 3000ವನ್ನು 200ರಿಂದ ಭಾಗಿಸಿದರೆ 15. 64ರ ವರ್ಗಮೂಲ 8. 15ನ್ನು 8ರಿಂದ ಭಾಗಿಸಿದರೆ ಸುಮಾರು 1.9. ಇದು 1.45ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ಗಾಯ ಇರುವ ಸಾಧ್ಯತೆ ಕಡಿಮೆ. 3.25 ದಾಟಿದರೆ ಸಾಧ್ಯತೆ ಜಾಸ್ತಿ. ನಡುವೆ ಬಂದರೆ ಸ್ಕ್ಯಾನ್ ಮಾಡಿಸದೆ ಏನೂ ಹೇಳಲಾಗದು. ಹೆಪಟೈಟಿಸ್ ಬಿ ಇರುವವರಲ್ಲಿ ಈ ಲೆಕ್ಕ ಅಷ್ಟು ಗಟ್ಟಿಯಲ್ಲ. ಏನೇ ಬಂದರೂ ಅದನ್ನು ಡಾಕ್ಟರಿಗೆ ತೋರಿಸಿ, ನೀವೇ ತೀರ್ಮಾನಕ್ಕೆ ಬರಬೇಡಿ.

ಎಚ್ಚರಿಕೆಯ ಗುರುತು: ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕಿಂತ ಇಳಿಯುತ್ತಾ ಬಂದಿದೆ, ಆಲ್ಬುಮಿನ್ (ಲಿವರ್ ತಯಾರಿಸುವ ರಕ್ತದ ಪ್ರೋಟೀನ್) ಕಡಿಮೆಯಾಗುತ್ತಿದೆ. ಎಎಲ್‌ಟಿ ಚೆನ್ನಾಗಿದೆ ಎಂದು ಸುಮ್ಮನಿರುವವರು ಇದನ್ನು ಗಮನಿಸುವುದೇ ಇಲ್ಲ. ಸಿರೋಸಿಸ್ ಇದ್ದೂ ಎಎಲ್‌ಟಿ ಸಹಜವಾಗಿಯೇ ಕಾಣಬಹುದು.

ಹಂತ 2: ಮಾತ್ರೆಯ ಹೊತ್ತಿಗೆ ಊಟದ ಹೊತ್ತನ್ನು ಹೊಂದಿಸಿ

ಏನು ತಿನ್ನಬೇಕು ಎನ್ನುವುದಕ್ಕೂ ಮೊದಲು ಯಾವಾಗ ತಿನ್ನಬೇಕು ಎಂದು ತೀರ್ಮಾನವಾಗಬೇಕು. ಕೆಲವು ಮಾತ್ರೆಗಳಿಗೆ ಊಟ ಬೇಕು, ಕೆಲವಕ್ಕೆ ಊಟವೇ ಅಡ್ಡಿ.

ಹೆಪಟೈಟಿಸ್ ಬಿಗೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಕೊಡುತ್ತಾರೆ. ಎಂಟೆಕಾವಿರ್ ಖಾಲಿ ಹೊಟ್ಟೆಯ ಮಾತ್ರೆ. ಊಟವಾಗಿ 2 ಗಂಟೆ ಕಳೆದಿರಬೇಕು, ಮುಂದಿನ ಊಟಕ್ಕೂ 2 ಗಂಟೆ ಇರಬೇಕು. ಟೆನೊಫೊವಿರ್‌ನಲ್ಲಿ ಎರಡು ಬಗೆ ಇವೆ. ಅಲಾಫೆನಮೈಡ್ ಬಗೆಯದ್ದನ್ನು ಊಟದ ಜೊತೆ ತೆಗೆದುಕೊಳ್ಳಬೇಕು. ಹೆಪಟೈಟಿಸ್ ಸಿಗೆ ಕೊಡುವ ಗ್ಲೆಕಾಪ್ರೆವಿರ್-ಪಿಬ್ರೆಂಟಾಸ್ವಿರ್ ಜೋಡಿಗೂ ಊಟ ಬೇಕು. ಸೊಫೊಸ್‌ಬುವಿರ್-ವೆಲ್ಪಾಟಾಸ್ವಿರ್ ಊಟದ ಜೊತೆಗಾದರೂ ಸರಿ, ಇಲ್ಲದಿದ್ದರೂ ಸರಿ. ಆದರೆ ಅದಕ್ಕೂ ಆಸಿಡಿಟಿಗೆ ಕುಡಿಯುವ ಆಂಟಾಸಿಡ್‌ಗೂ 4 ಗಂಟೆ ಅಂತರ ಇರಲಿ. ಹೊಟ್ಟೆಯ ಆಮ್ಲ ತಗ್ಗಿಸುವ ಬೇರೆ ಮಾತ್ರೆ ನುಂಗುತ್ತಿದ್ದರೆ ಶುರು ಮಾಡುವ ಮೊದಲೇ ಹೇಳಿ. ಆಮ್ಲ ಕಡಿಮೆಯಾದರೆ ಈ ಔಷಧಿ ಮೈಗೆ ಸರಿಯಾಗಿ ಸೇರುವುದಿಲ್ಲ.

ಇಲ್ಲಿ ಒಂದು ತೊಡಕು ಇದೆ. ಎಂಟೆಕಾವಿರ್ ಅನ್ನು ಮಲಗುವ ಮುಂಚೆ ತೆಗೆದುಕೊಳ್ಳುವ ಅಭ್ಯಾಸ ಬಹಳ ಜನರಿಗಿದೆ. ಆದರೆ ಸಿರೋಸಿಸ್ ಇರುವವರು ಮಲಗುವ ಮುಂಚೆ ಏನಾದರೂ ತಿನ್ನಲೇಬೇಕು (ಹಂತ 5 ನೋಡಿ). ಬೆಳಿಗ್ಗೆ ಎದ್ದ ಕೂಡಲೇ ನುಂಗಿದರೆ ತಿಂಡಿ 2 ಗಂಟೆ ಮುಂದೆ ಹೋಗುತ್ತದೆ, ರಾತ್ರಿಯ ಉಪವಾಸ ಇನ್ನೂ ಉದ್ದವಾಗುತ್ತದೆ. ಮಧ್ಯಾಹ್ನದ ಊಟ 1 ಗಂಟೆಗೆ, ಮಾತ್ರೆ ಮೂರೂವರೆಗೆ, ಸಂಜೆಯ ತಿಂಡಿ ಐದೂವರೆ ನಂತರ ಎಂದು ಮಾಡಿಕೊಂಡರೆ ಎರಡೂ ಸರಿಹೋಗುತ್ತದೆ. ಹೊತ್ತು ಬದಲಿಸುವ ಮುನ್ನ ಡಾಕ್ಟರಿಗೆ ಒಂದು ಮಾತು ಹೇಳಿ. ಬದಲಿಸಿದ ಮೇಲೆ ದಿನವೂ ಅದೇ ಹೊತ್ತು.

ಈ ಹಂತದಲ್ಲಿ ಆಗುವ ದೊಡ್ಡ ತಪ್ಪು ಎಂದರೆ 'ಪಥ್ಯ ಚೆನ್ನಾಗಿ ನಡೀತಿದೆ' ಎಂದು ಹೆಪಟೈಟಿಸ್ ಬಿ ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು. ವೈರಸ್ ಒಮ್ಮೆಲೇ ಎದ್ದು ಲಿವರ್ ಕೈಕೊಡುವ ಅಪಾಯ ಇದೆ.

ಸಕ್ಕರೆ ಕಾಯಿಲೆಗೆ ಔಷಧಿ ಪಡೆಯುತ್ತಾ ಹೆಪಟೈಟಿಸ್ ಸಿಗೆ ಚಿಕಿತ್ಸೆ ಶುರು ಮಾಡಿದವರು ರಕ್ತದ ಸಕ್ಕರೆಯನ್ನು ಹೆಚ್ಚು ಸಲ ನೋಡಿಕೊಳ್ಳಬೇಕು. ವೈರಸ್ ಹೋಗುತ್ತಾ ಬಂದಂತೆ ಸಕ್ಕರೆ ಇಳಿಯಬಹುದು. ಹಳೆಯ ಡೋಸೇ ಮುಂದುವರಿದರೆ ತೀರಾ ಕೆಳಗೆ ಹೋಗಿ ಬೆವರು, ನಡುಕ ಬರಬಹುದು.

ಹಂತ 3: ನಿಲ್ಲಿಸಬೇಕಾದದ್ದನ್ನು ನಿಲ್ಲಿಸಿ (ಇದು ಚಿಕ್ಕ ಪಟ್ಟಿ)

ಮೊದಲನೆಯದು ಆಲ್ಕೋಹಾಲ್. ಬಿಯರ್, ವೈನ್, ಹಬ್ಬಕ್ಕೊಂದು ಗುಟುಕು, ಯಾವುದಕ್ಕೂ ರಿಯಾಯಿತಿ ಇಲ್ಲ. ವೈರಸ್ ಇರುವ ಲಿವರ್‌ಗೆ ಇಷ್ಟು ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ. ಕೆಮ್ಮಿನ ಸಿರಪ್, ಟಾನಿಕ್‌ಗಳಲ್ಲೂ ಆಲ್ಕೋಹಾಲ್ ಇರಬಹುದು, ಲೇಬಲ್ ನೋಡಿ. ದಿನವೂ ಜಾಸ್ತಿ ಕುಡಿಯುವವರು ಮಾತ್ರ ಮನೆಯಲ್ಲೇ ಒಂದೇ ದಿನಕ್ಕೆ ನಿಲ್ಲಿಸಬಾರದು. ಫಿಟ್ಸ್ ಬರುವ ಅಪಾಯ ಇದೆ. ಡಾಕ್ಟರ ಸಹಾಯದಲ್ಲಿ ನಿಲ್ಲಿಸಿ.

ಎರಡನೆಯದು 'ಲಿವರ್ ಕ್ಲೀನ್' ಮಾಡುವ ಪುಡಿ, ಕಷಾಯ, ಕ್ಯಾಪ್ಸೂಲ್‌ಗಳು. ನನಗೆ ಇದರ ಮೇಲೆ ಸಿಟ್ಟು ಜಾಸ್ತಿ. ಲಿವರ್ ಒಗೆಯುವ ಬಟ್ಟೆಯಲ್ಲ. ನೈಸರ್ಗಿಕ ಎಂದ ಮಾತ್ರಕ್ಕೆ ಸುರಕ್ಷಿತ ಎಂದೇನೂ ಇಲ್ಲ. ಗ್ರೀನ್ ಟೀ ಸಾರದ ಮಾತ್ರೆ, ಕಾವಾ, ಕಾಂಫ್ರೇ ಎಂಬ ಗಿಡಮೂಲಿಕೆಗಳು ಇವು ಲಿವರ್‌ಗೆ ಪೆಟ್ಟು ಕೊಟ್ಟದ್ದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿದೆ. ಅಡುಗೆಗೆ ಹಾಕುವ ಅರಿಶಿನ ಸರಿ, ಆದರೆ ಅದರ ಸಾರವನ್ನು ಗಟ್ಟಿ ಮಾಡಿದ ಕ್ಯಾಪ್ಸೂಲ್‌ನಿಂದಲೂ ಲಿವರ್ ಊದಿಕೊಂಡವರಿದ್ದಾರೆ. ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಹೆಪಟೈಟಿಸ್ ಸಿ ಮಾತ್ರೆಯನ್ನೇ ನಿಷ್ಪ್ರಯೋಜಕ ಮಾಡಬಲ್ಲದು.

ಮೂರನೆಯದು ಸಿಹಿ ಪಾನೀಯ. ಬಾಟಲಿ ಜ್ಯೂಸ್, ಕೋಲಾ, ಗ್ಲೂಕೋಸ್ ನೀರು. 'ಗ್ಲೂಕೋಸ್ ಲಿವರ್‌ಗೆ ಶಕ್ತಿ' ಎಂದು ದಿನವಿಡೀ ಕುಡಿಸುವ ಮನೆಗಳಿವೆ. ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಮಾಡಿ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಹಣ್ಣನ್ನು ಹಣ್ಣಾಗಿಯೇ ತಿನ್ನಿ.

ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆಯೂ ಬೇಡ. ದೀರ್ಘಕಾಲದ ಹೆಪಟೈಟಿಸ್ ಸಿಯಲ್ಲಿ ಕಬ್ಬಿಣ ಲಿವರ್‌ನಲ್ಲಿ ಸೇರಿಕೊಳ್ಳುವ ಪ್ರವೃತ್ತಿ ಇದೆ. ಹೆಚ್ಚಿನ ಡೋಸಿನ ವಿಟಮಿನ್ ಎ ಕೂಡ ಲಿವರ್‌ಗೆ ವಿಷವೇ.

ಇಷ್ಟೇ ನೋಡಿ. ಎಣ್ಣೆ, ಮೊಟ್ಟೆ, ಹಾಲು, ಕಾಳು ಈ ಪಟ್ಟಿಯಲ್ಲಿಲ್ಲ. ಕಾಫಿಯೂ ಇಲ್ಲ. ದಿನಕ್ಕೆ ಎರಡು-ಮೂರು ಕಪ್ ಕಾಫಿ ಕುಡಿಯುವವರಲ್ಲಿ ಲಿವರ್‌ನ ಗಾಯ ಮತ್ತು ಲಿವರ್ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ತುಂಬಿ ಕುಡಿದರೆ ಆ ಲಾಭ ಅಲ್ಲೇ ಕರಗುತ್ತದೆ. ಕಾಫಿ ಅಭ್ಯಾಸ ಇಲ್ಲದವರು ಇದಕ್ಕೋಸ್ಕರ ಶುರು ಮಾಡಬೇಕಾಗಿಲ್ಲ.

ಹಂತ 4: ತೂಕ ಇಳಿಸಬೇಕೋ ಉಳಿಸಬೇಕೋ ತೀರ್ಮಾನಿಸಿ

ಸಿರೋಸಿಸ್ ಇಲ್ಲ, ಆದರೆ ಹೊಟ್ಟೆ ಬಂದಿದೆ, ಸ್ಕ್ಯಾನ್‌ನಲ್ಲಿ ಕೊಬ್ಬು ಕಂಡಿದೆ ಎಂದರೆ ತೂಕ ಇಳಿಸುವುದೇ ನಿಮ್ಮ ಮುಖ್ಯ ಕೆಲಸ. ವೈರಸ್ ಮತ್ತು ಕೊಬ್ಬು ಎರಡೂ ಸೇರಿದರೆ ಗಾಯ ಬೇಗ ಬೆಳೆಯುತ್ತದೆ. ಮೈತೂಕದ 7ರಿಂದ 10 ಶೇಕಡಾ ಇಳಿದರೆ ಲಿವರ್‌ನ ಕೊಬ್ಬು, ಊತ ಎರಡೂ ತಗ್ಗುತ್ತವೆ. 80 ಕೆಜಿ ಇರುವವರಿಗೆ ಅದು ಸುಮಾರು 6ರಿಂದ 8 ಕೆಜಿ. ವಾರಕ್ಕೆ ಅರ್ಧದಿಂದ ಒಂದು ಕೆಜಿ ಸಾಕು. ಅದಕ್ಕಿಂತ ಬೇಗ ಇಳಿಸಲು ಹೋಗಬೇಡಿ. ಉಪವಾಸ ಬಿದ್ದು ತೂಕ ಇಳಿಸಿದರೆ ಲಿವರ್‌ನ ಊತ ಹೆಚ್ಚಬಹುದು, ಪಿತ್ತಕೋಶದಲ್ಲಿ ಕಲ್ಲೂ ಬರಬಹುದು.

ತಟ್ಟೆಯ ಅರ್ಧ ಭಾಗ ತರಕಾರಿ, ಕಾಲು ಭಾಗ ಕಾಳು, ಮೊಟ್ಟೆ ಅಥವಾ ಮೀನಿನಂಥ ಪ್ರೋಟೀನ್, ಕಾಲು ಭಾಗ ಧಾನ್ಯ. ಇಷ್ಟನ್ನು ಪಾಲಿಸಿದರೆ ಕ್ಯಾಲೊರಿ ಎಣಿಸುತ್ತಾ ಕೂರಬೇಕಾಗಿಲ್ಲ. ವಾರದಲ್ಲಿ 150 ನಿಮಿಷ ಚುರುಕಾದ ನಡಿಗೆಯೂ ಇರಲಿ. ಎಣ್ಣೆಯನ್ನು ಅಳೆದು ಹಾಕಿ, ಪೂರ್ತಿ ಬಿಡಬೇಡಿ.

ಸಿರೋಸಿಸ್ ಇರುವವರಿಗೆ ಲೆಕ್ಕ ಬೇರೆ. ಇಲ್ಲಿ ಸಮಸ್ಯೆ ಹೆಚ್ಚಾಗಿ ಸ್ನಾಯು ಕರಗುವುದು. ಸಾಧಾರಣ ಮೈಕಟ್ಟಿನವರಿಗೆ ದಿನಕ್ಕೆ ಮೈತೂಕದ ಪ್ರತಿ ಕೆಜಿಗೆ ಸುಮಾರು 35 ಕ್ಯಾಲೊರಿ ಬೇಕು. 60 ಕೆಜಿಗೆ 2100. ದಪ್ಪ ಇದ್ದು ಸಿರೋಸಿಸ್ಸೂ ಇದ್ದರೆ ತೂಕ ಇಳಿಸುವುದು ಒಳ್ಳೆಯದೇ. ಆದರೆ ಪ್ರೋಟೀನ್ ಕಡಿಮೆ ಮಾಡದೆ, ಆಹಾರ ತಜ್ಞರ ಕಣ್ಣೆದುರಲ್ಲೇ ಆಗಬೇಕು.

ತೂಕದ ಯಂತ್ರ ಇಲ್ಲಿ ಸುಳ್ಳು ಹೇಳುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ 'ತೂಕ ಚೆನ್ನಾಗಿದೆ' ಎನಿಸುತ್ತದೆ, ಒಳಗೆ ಸ್ನಾಯು ಖಾಲಿಯಾಗಿರುತ್ತದೆ. ಸಾಮಾನ್ಯವಾಗಿ ನೀರು ಸ್ವಲ್ಪ ಇದ್ದರೆ ತೂಕದ 5 ಶೇಕಡಾ, ಮಧ್ಯಮವಾಗಿದ್ದರೆ 10, ಜಾಸ್ತಿ ಇದ್ದರೆ 15 ಶೇಕಡಾ ಕಳೆದು ಲೆಕ್ಕ ಹಾಕುತ್ತಾರೆ. ಎರಡೂ ಕಾಲು ಊದಿದ್ದರೆ ಇನ್ನೂ 5 ಶೇಕಡಾ ಕಳೆಯುತ್ತಾರೆ. ಪ್ರೋಟೀನ್, ಕ್ಯಾಲೊರಿ ಲೆಕ್ಕವನ್ನೂ ಈ ಒಣ ತೂಕದ ಮೇಲೇ ಹಾಕಬೇಕು.

ಸ್ನಾಯು ನೋಡಲು ಎರಡು ಸುಲಭ ದಾರಿ ಇವೆ. ತಿಂಗಳಿಗೊಮ್ಮೆ ಮೇಲ್ತೋಳಿನ ನಡುಭಾಗದ ಸುತ್ತಳತೆ ಬರೆದಿಡಿ. ಇನ್ನೊಂದು, ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಿ. 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸ್ನಾಯು ಬಲ ಕುಂದಿದೆ ಎಂದರ್ಥ. ತಲೆಸುತ್ತು ಇರುವವರು ಪಕ್ಕದಲ್ಲಿ ಯಾರಾದರೂ ಇದ್ದಾಗ ಮಾತ್ರ ಮಾಡಿ.

ಹಂತ 5: ಪ್ರೋಟೀನ್ ಮತ್ತು ರಾತ್ರಿಯ ತಿಂಡಿ

ಸಿರೋಸಿಸ್ ಇರುವವರು ಇಡೀ ಬರಹದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಲಿ.

ಆರೋಗ್ಯವಾಗಿರುವ ಲಿವರ್ ಹಗಲಲ್ಲಿ ಗ್ಲೈಕೊಜನ್ ರೂಪದಲ್ಲಿ ಸಕ್ಕರೆಯನ್ನು ಕೂಡಿಟ್ಟು ರಾತ್ರಿ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಗಾಯದಿಂದ ಗಟ್ಟಿಯಾದ ಲಿವರ್‌ಗೆ ಕೂಡಿಡಲು ಜಾಗ ಕಡಿಮೆ. ರಾತ್ರಿ ಮಧ್ಯದಲ್ಲೇ ದಾಸ್ತಾನು ಮುಗಿಯುತ್ತದೆ. ಆಗ ಮೈ ತನ್ನ ಸ್ನಾಯುವನ್ನೇ ಒಡೆದು ಸಕ್ಕರೆ ಮಾಡಿಕೊಳ್ಳುತ್ತದೆ. ಆರೋಗ್ಯವಂತರು ಎರಡು-ಮೂರು ದಿನ ಉಪವಾಸ ಮಾಡಿದರೆ ಆಗುವುದು ಸಿರೋಸಿಸ್ ಇರುವವರಿಗೆ ಒಂದೇ ರಾತ್ರಿಯಲ್ಲಿ ಆಗುತ್ತದೆ. ದಿನವೂ ರಾತ್ರಿ ಏಳಕ್ಕೆ ಊಟ, ಬೆಳಿಗ್ಗೆ ಒಂಬತ್ತಕ್ಕೆ ತಿಂಡಿ ಎಂದರೆ ಹದಿನಾಲ್ಕು ಗಂಟೆ. ವರ್ಷಗಟ್ಟಲೆ ಹೀಗೇ ನಡೆದರೆ ತೋಳು ಉಳಿಯುತ್ತದಾ?

ಅದಕ್ಕೆ ಮಲಗುವ ಮುಂಚೆ ಕನಿಷ್ಠ 50 ಗ್ರಾಂ ಕಾರ್ಬೋಹೈಡ್ರೇಟ್ ಇರುವ ತಿಂಡಿ ಬೇಕು. ಎರಡು ಹೋಳು ಬ್ರೆಡ್, ಒಂದು ಬಾಳೆಹಣ್ಣು, ಒಂದು ಲೋಟ ಹಾಲು ಸೇರಿದರೆ ಅಷ್ಟಾಗುತ್ತದೆ, ಪ್ರೋಟೀನೂ ಸಿಗುತ್ತದೆ. ರಾತ್ರಿ ಊಟವನ್ನೇ ತಡವಾಗಿ ಮಾಡುತ್ತೇನೆ ಎಂದರೆ ಸಾಲದು. ಊಟದ ನಂತರ ಇದು ಬೇರೆಯಾಗಿಯೇ ಬೇಕು. ಬೆಳಿಗ್ಗೆ ಎದ್ದ ಕೂಡಲೇ ತಿಂಡಿ. ಎಚ್ಚರ ಇರುವಾಗ ಮೂರ್ನಾಲ್ಕು ಗಂಟೆಗೊಮ್ಮೆ ಏನಾದರೂ ಹೊಟ್ಟೆಗೆ ಬೀಳಲಿ. ವ್ರತ, ಉಪವಾಸ, ತೂಕ ಇಳಿಸುವ ಉದ್ದದ ಉಪವಾಸ ಇವೆಲ್ಲ ಸಿರೋಸಿಸ್ ಇರುವವರಿಗೆ ಬೇಡವೇ ಬೇಡ. ಸಕ್ಕರೆ ಕಾಯಿಲೆ ಇದ್ದರೂ ರಾತ್ರಿಯ ತಿಂಡಿ ಬಿಡುವಂತಿಲ್ಲ, ಔಷಧಿಯ ಡೋಸನ್ನು ಡಾಕ್ಟರು ಹೊಂದಿಸಿಕೊಡುತ್ತಾರೆ.

ಇನ್ನು ಪ್ರೋಟೀನ್. ಸಿರೋಸಿಸ್ ಇರುವವರಿಗೆ ದಿನಕ್ಕೆ ಪ್ರತಿ ಕೆಜಿಗೆ 1.2ರಿಂದ 1.5 ಗ್ರಾಂ ಬೇಕು. 60 ಕೆಜಿ ಇರುವವರಿಗೆ 72ರಿಂದ 90 ಗ್ರಾಂ. ಕೇಳಲು ಸುಲಭ, ತಟ್ಟೆಯಲ್ಲಿ ಕೂಡಿಸುವಾಗ ಗೊತ್ತಾಗುತ್ತದೆ ಕಷ್ಟ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಒಂದು ಲೋಟ, ಅಂದರೆ 200 ಮಿಲಿ ಹಾಲಿನಲ್ಲಿ ಆರೂವರೆ. ಬೇಯಿಸಿದ 100 ಗ್ರಾಂ ಕಾಳಿನಲ್ಲಿ 7ರಿಂದ 9. ಮೀನಿನ 100 ಗ್ರಾಂನಲ್ಲಿ ಸುಮಾರು 20. ಎರಡು ಚಮಚ ತೆಳ್ಳಗಿನ ಬೇಳೆ ನೀರು ಕುಡಿದು 'ಪ್ರೋಟೀನ್ ಆಯ್ತು' ಎಂದರೆ ಆಗಲಿಲ್ಲ. ಪ್ರೋಟೀನ್ ಇರುವುದು ತಳದಲ್ಲಿ ಕೂತ ಬೇಳೆಯಲ್ಲಿ. ಮೊದಲ ವಾರ ತಕ್ಕಡಿಯಲ್ಲಿ ತೂಗಿ ನೋಡಿ, ಆಮೇಲೆ ಕಣ್ಣಳತೆ ಸಾಕು.

ಸಿರೋಸಿಸ್ ಇಲ್ಲದವರಿಗೆ ಇಷ್ಟೆಲ್ಲ ಲೆಕ್ಕ ಬೇಡ. ಪ್ರತಿ ಊಟದಲ್ಲೂ ಒಂದು ಪ್ರೋಟೀನ್ ಇದ್ದರೆ ಸಾಕು.

'ಪ್ರೋಟೀನ್ ತಿಂದರೆ ಮಂಪರು ಬರುತ್ತದೆ' ಎಂಬ ಹಳೆಯ ಭಯ ಈಗಲೂ ಹೋಗಿಲ್ಲ. ಲಿವರ್ ದುರ್ಬಲವಾದಾಗ ಅಮೋನಿಯಾ ರಕ್ತದಲ್ಲಿ ಉಳಿದು ಮೆದುಳಿಗೆ ತೊಂದರೆ ಕೊಡುತ್ತದೆ, ನಿಜ. ಆದರೆ ಆ ಅಮೋನಿಯಾವನ್ನು ಅರಗಿಸುವ ಇನ್ನೊಂದು ಜಾಗ ಸ್ನಾಯು. ಪ್ರೋಟೀನ್ ಕಡಿಮೆ ಮಾಡಿದರೆ ಸ್ನಾಯು ಕರಗುತ್ತದೆ, ಅಮೋನಿಯಾ ಇನ್ನೂ ಏರುತ್ತದೆ. ಮಂಪರು ಬಂದು ಹೋದವರಿಗೂ ಈಗ ಪ್ರೋಟೀನ್ ಕಡಿತ ಮಾಡಬೇಡಿ ಎಂದೇ ಮಾರ್ಗಸೂಚಿಗಳು ಹೇಳುತ್ತವೆ. ಮಾಂಸ ಹಿಡಿಸದಿದ್ದರೆ ಕಾಳು, ಹಾಲು, ಮೊಸರು, ಮೊಟ್ಟೆಯಿಂದ ತುಂಬಿಸಿ. ಕಾಳಿನ ನಾರು ಮಲಬದ್ಧತೆಯನ್ನೂ ತಡೆಯುತ್ತದೆ. ಮಲಬದ್ಧತೆ ಮಂಪರಿಗೆ ಒಂದು ದೊಡ್ಡ ಕಾರಣ. ಲ್ಯಾಕ್ಟುಲೋಸ್ ಸಿರಪ್ ಕೊಟ್ಟಿದ್ದರೆ ದಿನಕ್ಕೆ ಎರಡು-ಮೂರು ಸಲ ಮೆತ್ತಗೆ ಮಲವಿಸರ್ಜನೆ ಆಗಬೇಕು. ಒಂದೇ ಸಲ ಆದರೆ ಡೋಸ್ ಸಾಲದು, ಐದಾರು ಸಲ ನೀರಾಗಿ ಹೋದರೆ ಜಾಸ್ತಿಯಾಗಿದೆ.

ಹಂತ 6: ಉಪ್ಪನ್ನು ಅಳೆಯಿರಿ

ಹೊಟ್ಟೆಯಲ್ಲಿ ನೀರು, ಕಾಲೂತ ಇಲ್ಲದವರಿಗೆ ಎಲ್ಲರಿಗೂ ಹೇಳುವ 5 ಗ್ರಾಂ ಮಿತಿಯೇ ಸಾಕು. ಮಟ್ಟ ಮಾಡಿದ ಒಂದು ಟೀ ಚಮಚಕ್ಕಿಂತ ಅದು ಸ್ವಲ್ಪ ಕಡಿಮೆ. ನೀರು ತುಂಬಿದವರು ಇದನ್ನು ಗಟ್ಟಿಯಾಗಿ ಪಾಲಿಸಬೇಕು, ಏಕೆಂದರೆ ಉಪ್ಪು ಎಲ್ಲಿ ಹೋಗುತ್ತದೋ ನೀರು ಅಲ್ಲೇ ನಿಲ್ಲುತ್ತದೆ.

ಬಹಳ ಜನ ತಟ್ಟೆಗೆ ಉಪ್ಪು ಹಾಕಿಕೊಳ್ಳುವುದನ್ನು ನಿಲ್ಲಿಸಿ ಅಲ್ಲಿಗೇ ಬಿಡುತ್ತಾರೆ. ಉಪ್ಪು ಬರುವುದು ಉಪ್ಪಿನಕಾಯಿ, ಸಾಸ್, ಸೂಪ್ ಪ್ಯಾಕೆಟ್, ಚಿಪ್ಸ್, ಬಿಸ್ಕತ್ತು, ಬ್ರೆಡ್, ಚೀಸ್‌ನಿಂದ. ಬೇಯಿಸುವಾಗ ಸೇರಿಸುವ ಅಡುಗೆ ಸೋಡಾದಲ್ಲೂ ಸೋಡಿಯಂ ಇದೆ. ಲೇಬಲ್‌ನಲ್ಲಿ ಸೋಡಿಯಂ ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ನೀರಿಗೆ ಹಾಕಿದರೆ ಬುಸುಗುಟ್ಟುತ್ತಾ ಕರಗುವ ಮಾತ್ರೆಗಳಲ್ಲೂ ಸೋಡಿಯಂ ಜಾಸ್ತಿ ಇರುತ್ತದೆ. ಇದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಮಾಡುವ ಕ್ರಮ ಹೀಗೆ. ಬೆಳಿಗ್ಗೆಯೇ ಇಡೀ ದಿನಕ್ಕೆ ಬೇಕಾದ ಉಪ್ಪನ್ನು ಚಿಕ್ಕ ಡಬ್ಬಿಗೆ ಅಳೆದು ಹಾಕಿ. ಬ್ರೆಡ್, ಬಿಸ್ಕತ್ತು ತಿನ್ನುವವರು ಅದರ ಪಾಲನ್ನು ಮೊದಲೇ ಕಳೆದುಬಿಡಿ. ಉಳಿದದ್ದರಲ್ಲೇ ಆ ದಿನದ ಅಡುಗೆ. ನಿಂಬೆರಸ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಳಿ ಇವು ಉಪ್ಪಿನ ಕೊರತೆಯನ್ನು ಮುಚ್ಚುತ್ತವೆ. ನಾಲಿಗೆ ಒಗ್ಗಿಕೊಳ್ಳಲು ಕೆಲವು ವಾರ ಬೇಕು.

ಅಂಗಡಿಯಲ್ಲಿ ಸಿಗುವ 'ಕಡಿಮೆ ಸೋಡಿಯಂ ಉಪ್ಪು' ಕೇಳದೆ ತರಬೇಡಿ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ನೀರು ಇಳಿಸಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ಕೂಡ ಪೊಟ್ಯಾಸಿಯಂ ಏರಿಸುತ್ತದೆ. ಎರಡೂ ಸೇರಿದರೆ ಹೃದಯದ ಬಡಿತವೇ ತಪ್ಪಬಹುದು.

ಉಪ್ಪನ್ನು ಪೂರ್ತಿ ಬಿಟ್ಟು, ಊಟ ರುಚಿಸದೆ ಅರ್ಧ ತಟ್ಟೆಯಲ್ಲೇ ಏಳುವವರೂ ಇದ್ದಾರೆ. ಅಲ್ಲಿ ನಷ್ಟವೇ ಜಾಸ್ತಿ. ಊಟ ಕಡಿಮೆಯಾಗುತ್ತಿದ್ದರೆ ಒಂದು ಚಿಟಿಕೆ ಸಡಿಲಿಸಿ, ಡಾಕ್ಟರಿಗೆ ತಿಳಿಸಿ. ಹಾಗೆಯೇ ಹೊಟ್ಟೆಯಲ್ಲಿ ನೀರಿದೆ ಎಂದು ಕುಡಿಯುವ ನೀರನ್ನು ನೀವಾಗಿ ಕಡಿಮೆ ಮಾಡಬೇಡಿ. ರಕ್ತದ ಸೋಡಿಯಂ ತೀರಾ ಇಳಿದಾಗ, ಸಾಮಾನ್ಯವಾಗಿ 125ಕ್ಕಿಂತ ಕೆಳಗೆ ಹೋದಾಗ, ಡಾಕ್ಟರೇ ಮಿತಿ ಹೇಳುತ್ತಾರೆ.

ಹಂತ 7: ಕೆಟ್ಟ ಆಹಾರದಿಂದ ದೂರ

ಬೂಷ್ಟು ಹಿಡಿದ ಕಡಲೆಕಾಯಿ, ಮೆಕ್ಕೆಜೋಳ, ಒಣ ಬೀಜಗಳಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹೆಪಟೈಟಿಸ್ ಬಿ ಮತ್ತು ಅಫ್ಲಾಟಾಕ್ಸಿನ್ ಜೊತೆಯಾದರೆ ಲಿವರ್ ಕ್ಯಾನ್ಸರ್ ಅಪಾಯ ಒಂದಕ್ಕೊಂದು ಕೂಡುವುದಲ್ಲ, ಗುಣಿಸಿದಂತೆ ಏರುತ್ತದೆ. ಬೇಯಿಸಿದರೆ, ಹುರಿದರೆ ಈ ವಿಷ ಪೂರ್ತಿ ಹೋಗುವುದಿಲ್ಲ. ಬಣ್ಣ ಕೆಟ್ಟ, ಸುಕ್ಕಾದ, ಕಹಿ ಎನಿಸಿದ ಬೀಜವನ್ನು ಆರಿಸಿ ಎಸೆಯಿರಿ. ಬೂಷ್ಟು ಕಂಡರೆ 'ಮೇಲಿನದ್ದು ಒರೆಸಿದರಾಯ್ತು' ಎನ್ನದೆ ಇಡೀ ಚೀಲವನ್ನೇ ಎಸೆಯಿರಿ. ಒಣ ಜಾಗದಲ್ಲಿಡಿ, ಬೇಕಾದಷ್ಟೇ ತನ್ನಿ.

ಹಸಿ ಅಥವಾ ಅರೆಬೆಂದ ಚಿಪ್ಪುಮೀನು ಬೇಡ. ಅದರಲ್ಲಿರುವ ವಿಬ್ರಿಯೊ ಬ್ಯಾಕ್ಟೀರಿಯಾ ಲಿವರ್ ಕಾಯಿಲೆ ಇರುವವರ ರಕ್ತಕ್ಕೆ ಸೇರಿ ಜೀವಕ್ಕೇ ಕುತ್ತು ತರಬಲ್ಲದು. ಹಂದಿ ಮಾಂಸ ಪೂರ್ತಿ ಬೇಯಲಿ, ಹೆಪಟೈಟಿಸ್ ಇ ಅದರಿಂದ ಬರಬಹುದು. ಕಾಯಿಸದ ಹಾಲು, ಶುದ್ಧ ಎಂದು ಖಾತ್ರಿ ಇಲ್ಲದ ನೀರು ಬೇಡ. ಹೆಪಟೈಟಿಸ್ ಎ ಲಸಿಕೆ ಬಗ್ಗೆ ಕೇಳಿ. ಹೆಪಟೈಟಿಸ್ ಸಿ ಇರುವವರು ಬಿ ಲಸಿಕೆಯನ್ನೂ ಕೇಳಿ.

ಮನೆಯವರಿಗೆ ಒಂದು ಮಾತು. ಹೆಪಟೈಟಿಸ್ ಬಿ, ಸಿ ತಟ್ಟೆ, ಲೋಟ, ಒಟ್ಟಿಗೆ ಉಣ್ಣುವುದರಿಂದ ಹರಡುವುದಿಲ್ಲ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಬೇರೆ ಇರಲಿ. ತಟ್ಟೆ ಬೇರೆ ಮಾಡಿ ಕೂರಿಸಬೇಡಿ. ಒಂಟಿಯಾಗಿ ಕೂತು ಉಣ್ಣುವವರು ಕಡಿಮೆ ಉಣ್ಣುತ್ತಾರೆ, ಅಷ್ಟೇ ಆಗುವ ಲಾಭ.

ಹಂತ 8: ಬರೆದಿಡಿ, ವಾರಕ್ಕೊಮ್ಮೆ ನೋಡಿ

ನೀರು ತುಂಬಿದವರು ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ. ಉಳಿದವರಿಗೆ ವಾರಕ್ಕೊಮ್ಮೆ ಸಾಕು. ಪಕ್ಕದಲ್ಲಿ ರಾತ್ರಿ ತಿಂಡಿ ಆಯಿತೇ, ಎಷ್ಟು ಸಲ ಮಲವಿಸರ್ಜನೆ ಆಯಿತು, ಹೊಸ ಔಷಧಿ ಏನಾದರೂ ಶುರುವಾಯಿತೇ ಎಂದು ಬರೆಯಿರಿ. ನೋವಿನ ಮಾತ್ರೆಯನ್ನೂ ಸೇರಿಸಿ. ಪ್ಯಾರಾಸಿಟಮಾಲ್ ಅನ್ನು ಲಿವರ್ ಗಾಯ ಇರುವವರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರಾಂ ಒಳಗೇ ಇಡುತ್ತಾರೆ. ಐಬುಪ್ರೊಫೆನ್ ಬಗೆಯವು ಸಿರೋಸಿಸ್‌ನಲ್ಲಿ ಕಿಡ್ನಿಗೆ ಪೆಟ್ಟು ಕೊಡುತ್ತವೆ, ರಕ್ತಸ್ರಾವವನ್ನೂ ತರಬಹುದು.

ಹೆಪಟೈಟಿಸ್ ಸಿ ವಾಸಿಯಾಗಿದೆಯೇ ಎಂದು ಮಾತ್ರೆ ಮುಗಿದು 12 ವಾರದ ಮೇಲೆ ರಕ್ತ ನೋಡಿ ಹೇಳುತ್ತಾರೆ. ವಾಸಿಯಾದ ಮೇಲೂ ಸಿರೋಸಿಸ್ ಇದ್ದವರು ಮೇಲಿನ ಊಟದ ಕ್ರಮವನ್ನೂ ಆರು ತಿಂಗಳಿಗೊಮ್ಮೆ ಮಾಡಿಸುವ ಸ್ಕ್ಯಾನನ್ನೂ ಬಿಡಬಾರದು. ವೈರಸ್ ಹೋದರೂ ಕಲೆ ಉಳಿದಿರುತ್ತದೆ. ಹೆಪಟೈಟಿಸ್ ಸಿ ಮತ್ತೆ ತಗಲಲೂಬಹುದು.

ಯಾವಾಗ ನೋಟ್‌ಬುಕ್ ಬದಿಗಿಟ್ಟು ಆಸ್ಪತ್ರೆಗೆ ಓಡಬೇಕು

ವಾಂತಿಯಲ್ಲಿ ರಕ್ತ, ಅಥವಾ ಡಾಂಬರಿನಂತೆ ಕಪ್ಪಾದ ಅಂಟು ಮಲ. ಹಗಲು ನಿದ್ದೆ, ರಾತ್ರಿ ಎಚ್ಚರ, ಅಕ್ಷರ ಕೆಡುವುದು, ಕೈ ಚಾಚಿದರೆ ಅಂಗೈ ರೆಕ್ಕೆಯಂತೆ ಬಡಿಯುವುದು, ಮಾತು ತೊದಲುವುದು. ಇವನ್ನು ರೋಗಿಗಿಂತ ಮೊದಲು ಗಮನಿಸುವುದು ಮನೆಯವರೇ. ಹೊಟ್ಟೆಯಲ್ಲಿ ನೀರಿದ್ದು ಜ್ವರ ಅಥವಾ ಹೊಟ್ಟೆನೋವು ಬಂದರೆ ಅದೇ ದಿನ ತೋರಿಸಬೇಕು, ಆ ನೀರಿಗೇ ಸೋಂಕು ತಗಲಿರಬಹುದು. ಕಣ್ಣು ಹೊಸದಾಗಿ ಹಳದಿಯಾದರೆ, ಮೂತ್ರ ತೀರಾ ಕಡಿಮೆಯಾದರೆ, ಎರಡು-ಮೂರು ದಿನದಲ್ಲಿ ತೂಕ 2 ಕೆಜಿ ಏರಿದರೆ ಮುಂದಿನ ತಪಾಸಣೆಯ ದಿನದವರೆಗೆ ಕಾಯಬೇಡಿ.

ಹೋಗುವಾಗ ಔಷಧಿಗಳ ಪಟ್ಟಿ, ಕೊನೆಯ ರಿಪೋರ್ಟು ಮತ್ತು ತೂಕ ಬರೆದಿಟ್ಟ ಆ ನೋಟ್‌ಬುಕ್ ಮೂರನ್ನೂ ಜೊತೆಗೆ ಒಯ್ಯಿರಿ. ಪುಡಿ, ಕಷಾಯ ತೆಗೆದುಕೊಂಡಿದ್ದರೆ ಅದರ ಪೊಟ್ಟಣವನ್ನೇ ತೆಗೆದುಕೊಂಡು ಹೋಗಿ.